ಸೊಸೈಟಿಯ ಡಿವಿಡೆಂಡು, ಫಂಡಿನ ಡಿವಿಡೆಂಡು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಡಿವಿಡೆಂಡ್ ಹೊಸ ಮಾತಲ್ಲ. ಸೆಪ್ಟೆಂಬರ್ ಬಂತೆಂದರೆ ಊರೂರಿನ ಸೊಸೈಟಿಗಳಲ್ಲಿ ವಾರ್ಷಿಕ ಸರ್ವಸಾಧಾರಣ ಸಭೆ. ಕಾರ್ಯದರ್ಶಿ ಅಢಾವೆ ಪತ್ರಿಕೆ ಓದುತ್ತಾರೆ, ಈ ವರ್ಷ ಶೇರಿಗೆ ಶೇಕಡಾ ಇಷ್ಟು ಎಂದು ಠರಾವು ಆಗುತ್ತದೆ, ಹಿಂದಿನ ಸಾಲಿನಿಂದ ಯಾರೋ ಒಬ್ಬರು ಎದ್ದು 'ಹೋದ ವರ್ಷಕ್ಕಿಂತ ಯಾಕ ಕಡಿಮಿ?' ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಕೇಳುವ ಹಕ್ಕು ನಮ್ಮ ನಾಡಿನಲ್ಲಿ ಬಹಳ ಹಳೆಯದು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಅದು ಸಿಕ್ಕಿತು. ಹಳ್ಳಿಯ ಒಬ್ಬ ಸಾಮಾನ್ಯ ಒಕ್ಕಲಿಗ ಸಾಲಗಾರನಾಗಿ ಅಷ್ಟೇ ಅಲ್ಲ, ಪಾಲುದಾರನಾಗಿಯೂ ಲೆಕ್ಕ ಕೇಳುವಂತಾಯಿತು.

ಆದರೆ ಈಚಿನ ವರ್ಷಗಳಲ್ಲಿ ನಮ್ಮ ಭಾಗದ ನಿವೃತ್ತ ಮಾಸ್ತರರು, ಗ್ರಾಮಲೆಕ್ಕಿಗರು, ಅಂಗಡಿಕಾರರು, ಹೊಲ ಮಾರಿದ ರೊಕ್ಕ ಕೈಯಲ್ಲಿದ್ದವರು ಮ್ಯೂಚುವಲ್ ಫಂಡಿನ ಕಡೆ ಹೊರಳಿದ್ದಾರೆ. ಸೊಸೈಟಿಯ ಡಿವಿಡೆಂಡಿನಿಂದ ಕಲಿತ ಲೆಕ್ಕವನ್ನೇ ಫಂಡಿನ ಡಿವಿಡೆಂಡಿಗೂ ಹಚ್ಚುತ್ತಿದ್ದಾರೆ. ಅಲ್ಲಿ ಲೆಕ್ಕ ತಪ್ಪುತ್ತದೆ. ಇಂದಿನ ನನ್ನ ಮಾತು ಅದರ ಬಗ್ಗೆ.

ಬೈಲಹೊಂಗಲದ ನಿವೃತ್ತ ಮಾಸ್ತರರೊಬ್ಬರು ನನಗೆ ತಮ್ಮ ಫಂಡಿನ ಕಾಗದ ತೋರಿಸಿ ಕೇಳಿದರು: 'ಸರ, ತಿಂಗಳಾ ತಪ್ಪದ ಡಿವಿಡೆಂಡ್ ಬರತೈತ್ರಿ. ಆದ್ರ ನಾ ಇಟ್ಟ ಗಂಟು ವರ್ಷದಿಂದ ವರ್ಷಕ್ಕ ಕರಗಾಕತ್ತೈತಿ. ಇದ್ಯಾಂಗ್ರಿ?' ಬಹಳ ಒಳ್ಳೆಯ ಪ್ರಶ್ನೆ. ಫಂಡ್ ಮಾರಿದವರು ಇದಕ್ಕೆ ಉತ್ತರವನ್ನು ಮೊದಲೇ ಹೇಳಬೇಕಾಗಿತ್ತು.

ಸೊಸೈಟಿಯಲ್ಲಿ ನಿಮ್ಮ ಶೇರು ಸಾವಿರ ರೂಪಾಯಿ ಇದೆ ಎನ್ನಿ. ಶೇಕಡಾ 10 ಡಿವಿಡೆಂಡ್ ಎಂದರೆ ನೂರು ರೂಪಾಯಿ ಬಂತು. ಶೇರು ಸಾವಿರ ಇದ್ದದ್ದು ಸಾವಿರವೇ ಉಳಿಯಿತು. ಸದಸ್ಯತ್ವ ಬಿಟ್ಟರೆ ಸಾವಿರ ವಾಪಸು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಸಂಘ ಎಷ್ಟೇ ಬೆಳೆದರೂ ಶೇರಿನ ಬೆಲೆ ಬೆಳೆಯುವುದಿಲ್ಲ, ಆದ್ದರಿಂದ ಡಿವಿಡೆಂಡ್ ಕೊಟ್ಟಾಗ ಅದು ಇಳಿಯುವುದೂ ಇಲ್ಲ. ಫಂಡಿನಲ್ಲಿ ಹಾಗಲ್ಲ. ಅಲ್ಲಿ ಯುನಿಟ್ಟಿನ ಬೆಲೆ, ಎನ್‌ಎವಿ ಎಂದು ಕರೆಯುವ ನಿವ್ವಳ ಮೌಲ್ಯ, ಆ ಫಂಡಿನ ಒಳಗಿರುವ ಎಲ್ಲ ಶೇರು, ಬಾಂಡ್, ರೊಕ್ಕದ ಅಂದಂದಿನ ಬೆಲೆಗೆ ಅಂಟಿಕೊಂಡಿರುತ್ತದೆ. ಒಳಗಿನ ರೊಕ್ಕ ಹೊರಗೆ ಹೋದರೆ ಯುನಿಟ್ಟಿನ ಬೆಲೆ ಅಷ್ಟೇ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಬೇಕಾದರೆ ಪೆನ್ಸಿಲ್ ತೆಗೆದುಕೊಳ್ಳಿ. 50 ರೂಪಾಯಿಯ 20,000 ಯುನಿಟ್ ನಿಮ್ಮ ಹತ್ತಿರ ಇವೆ. ಒಟ್ಟು 10 ಲಕ್ಷ. ಫಂಡ್ ಯುನಿಟ್ಟಿಗೆ 2 ರೂಪಾಯಿ ಕೊಟ್ಟಿತು. ನಿಮ್ಮ ಖಾತೆಗೆ 40,000 ರೂಪಾಯಿ ಬಂತು. ಅದೇ ಹೊತ್ತಿಗೆ ಯುನಿಟ್ 48 ರೂಪಾಯಿಗೆ ಇಳಿಯಿತು, ಗಂಟು 9,60,000 ಆಯಿತು. ಎರಡನ್ನೂ ಕೂಡಿಸಿದರೆ ಮತ್ತೆ ಹತ್ತೇ ಲಕ್ಷ. ನಿಮಗೆ ಹೊಸದಾಗಿ ಏನೂ ಬರಲಿಲ್ಲ, ಎಡಗಿಸೆಯ ರೊಕ್ಕ ಬಲಗಿಸೆಗೆ ಬಂತು.

ನಮ್ಮ ಕಡೆ ಹೊಲ ಲಾವಣಿಗೆ ಕೊಡುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ಲಾವಣಿ ರೊಕ್ಕ ವರ್ಷಕ್ಕೊಮ್ಮೆ ಬರುತ್ತದೆ, ಹೊಲದ ಬದು ಇದ್ದಲ್ಲೇ ಇರುತ್ತದೆ. ಆದರೆ ಯಾರಾದರೂ ನಿಮಗೆ ಹೇಳದೆ ಪ್ರತಿ ವರ್ಷ ಒಂದೆರಡು ಗುಂಟೆ ಮಾರಿ, ಆ ರೊಕ್ಕವನ್ನೂ ಲಾವಣಿಯ ಜೊತೆ ಸೇರಿಸಿ ಕೈಗೆ ಇಟ್ಟರೆ? ಕೈಗೆ ಬಂದ ಮೊತ್ತ ದೊಡ್ಡದಾಗಿ ಕಾಣುತ್ತದೆ, ಬದು ಮಾತ್ರ ಒಳಗೆ ಸರಿಯುತ್ತಾ ಹೋಗುತ್ತದೆ. ಮಾಸ್ತರರ ಫಂಡಿನಲ್ಲಿ ಆದದ್ದು ಇದೇ.

ಇದು ಕಾನೂನು ಮೀರಿ ನಡೆದದ್ದಲ್ಲ. ಇಂಥ ಗೊಂದಲ ಬೇಡವೆಂದೇ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಏಪ್ರಿಲ್ 1ರಿಂದ ಫಂಡುಗಳು 'ಡಿವಿಡೆಂಡ್ ಆಯ್ಕೆ' ಎಂಬ ಹೆಸರು ಬಿಡಬೇಕೆಂದು ಆದೇಶ ಮಾಡಿತು. ಈಗ ಅರ್ಜಿಯಲ್ಲಿ ಐಡಿಸಿಡಬ್ಲ್ಯು, ಅಂದರೆ 'ಆದಾಯ ಹಂಚಿಕೆ ಹಾಗೂ ಬಂಡವಾಳ ಹಿಂತೆಗೆತ', ಎಂದು ಇರುತ್ತದೆ. ಹಂಚಿದ ರೊಕ್ಕದಲ್ಲಿ ಬಂಡವಾಳದ ಭಾಗವೂ ಇರಬಹುದು ಎಂದು ಅದರ ಪೂರ್ತಿ ಹೆಸರೇ ಹೇಳುತ್ತದೆ. ಎಷ್ಟು ಭಾಗ ಗಳಿಕೆಯದು, ಎಷ್ಟು ಭಾಗ ಬಂಡವಾಳದ್ದು ಎಂದು ನಿಮಗೆ ಕಳಿಸುವ ವಿವರಪಟ್ಟಿಯಲ್ಲಿ ಬಿಡಿಸಿ ತೋರಿಸಬೇಕು. ಆದರೂ ಪೇಟೆಯಲ್ಲಿ ಇಂದಿಗೂ ಕೇಳಿಬರುವ ಮಾತು 'ತಿಂಗಳಾ ಒಂದು ಪರ್ಸೆಂಟ್ ಡಿವಿಡೆಂಡ್' ಎಂಬುದೇ. ಹಾಗೆ ಹೇಳಿ ಮಾರುವುದು ತಪ್ಪು. ಫಂಡಿನ ಹಂಚಿಕೆಗೆ ಖಾತರಿ ಎಂಬುದಿಲ್ಲ, ಇಂದು ಕೊಟ್ಟದ್ದನ್ನು ನಾಳೆ ನಿಲ್ಲಿಸಬಹುದು.

ಡಿವಿಡೆಂಡನ್ನು ನೋಡಿ ಮೈಮರೆತರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಒಮ್ಮೆ ದೊಡ್ಡದಾಗಿಯೇ ಅನುಭವಿಸಿದೆ. ಹಿರಿಯರಿಗೆ ಯುನಿಟ್ ಟ್ರಸ್ಟ್ ಆಫ್ ಇಂಡಿಯಾ ನೆನಪಿರುತ್ತದೆ. 1963ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಅದು. 1964ರಲ್ಲಿ ಅದು ತಂದ ಮೊದಲ ಯೋಜನೆ ಯುಎಸ್-64. ಶಾಲಾ ಮಾಸ್ತರರು, ಅಂಚೆ ನೌಕರರು, ಗುಮಾಸ್ತರು ಮಗಳ ಮದುವೆಗೆ, ಮುಪ್ಪಿನ ಕಾಲಕ್ಕೆ ಎಂದು ಅದರಲ್ಲಿ ಇಟ್ಟರು. ಡಿವಿಡೆಂಡ್ ಒಂದು ವರ್ಷವೂ ತಪ್ಪುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ಅದು ಶೇಕಡಾ 26ರವರೆಗೂ ಏರಿತು. ಎಲ್ಲರೂ ನೋಡಿದ್ದು ಆ ಅಂಕಿಯನ್ನೇ. ಯುನಿಟ್ಟನ್ನು ಟ್ರಸ್ಟ್ ಯಾವ ಬೆಲೆಗೆ ಮಾರಿ ಕೊಳ್ಳುತ್ತಿತ್ತೋ, ಆ ಬೆಲೆಗೂ ಒಳಗಿನ ಶೇರುಗಳ ನಿಜ ಬೆಲೆಗೂ ನಂಟು ಕಡಿದುಹೋಗಿತ್ತು. 1998ರಲ್ಲಿ ಅದರ ಮೀಸಲು ನಿಧಿ ಬರಿದಾಗಿರುವುದು ಹೊರಬಿತ್ತು. 2001ರ ಜುಲೈಯಲ್ಲಿ ಆರು ತಿಂಗಳು ಯುನಿಟ್ಟುಗಳ ಮಾರಾಟವನ್ನೂ ಮರುಖರೀದಿಯನ್ನೂ ನಿಲ್ಲಿಸಿಬಿಟ್ಟರು. ಕಡೆಗೆ ಕೇಂದ್ರ ಸರಕಾರ ಕೈಹಾಕಿ, 2003ರಲ್ಲಿ ಯುನಿಟ್ಟಿನ ಬದಲಿಗೆ ಶೇಕಡಾ 6.75ರ ಬಾಂಡ್ ಕೊಟ್ಟಿತು. ಇಂದು ಪ್ರತಿ ಫಂಡೂ ದಿನದಿನದ ಎನ್‌ಎವಿಯನ್ನು ಬಹಿರಂಗವಾಗಿ ಹೇಳಲೇಬೇಕು. ಹಾಗಾಗಿ ಆ ರೀತಿಯ ಮುಸುಕು ಈಗ ಇಲ್ಲ. ಆದರೆ ಬೆಲೆ ನೋಡದೆ ಡಿವಿಡೆಂಡ್ ಅಷ್ಟನ್ನೇ ನೋಡುವ ನಮ್ಮ ಚಾಳಿ ಹೋಗಿಲ್ಲ.

ಹಾಗಾದರೆ ನಿಜವಾದ ಡಿವಿಡೆಂಡ್ ಎಲ್ಲಿದೆ? ಅದು ಕಂಪನಿಗಳಲ್ಲಿದೆ. ಕಂಪನಿ ಲಾಭ ಮಾಡುತ್ತದೆ, ಅದರಲ್ಲಿ ಒಂದಿಷ್ಟನ್ನು ಶೇರುದಾರರಿಗೆ ಹಂಚುತ್ತದೆ. ನಿಮ್ಮ ಫಂಡ್ ಆ ಕಂಪನಿಯ ಶೇರುದಾರ, ಆದ್ದರಿಂದ ರೊಕ್ಕ ಫಂಡಿಗೆ ಬರುತ್ತದೆ. ನಿಫ್ಟಿ 50 ಎಂಬ ಪಟ್ಟಿಯಲ್ಲಿರುವ ದೇಶದ ಐವತ್ತು ದೊಡ್ಡ ಕಂಪನಿಗಳು ಈಚಿನ ವರ್ಷಗಳಲ್ಲಿ ಹೀಗೆ ಹಂಚುತ್ತಿರುವುದು ಅವುಗಳ ಬೆಲೆಯ ಸುಮಾರು ಶೇಕಡಾ ಒಂದೂಕಾಲರಷ್ಟು. ಅಂದರೆ 10 ಲಕ್ಷಕ್ಕೆ ವರ್ಷಕ್ಕೆ ಹನ್ನೆರಡೂವರೆ ಸಾವಿರದ ಆಸುಪಾಸು, ತಿಂಗಳಿಗೆ ಸಾವಿರ ರೂಪಾಯಿ. ಇದನ್ನು ಕೇಳಿ ಬಹಳ ಜನರ ಮುಖ ಬಾಡುತ್ತದೆ. 'ಇಷ್ಟs ಏನ್ರಿ? ಬ್ಯಾಂಕಿನ ಬಡ್ಡೀನ ಛಲೋ ಅಲ್ರಿ' ಎನ್ನುತ್ತಾರೆ. ಈ ವರ್ಷದ ಮಟ್ಟಿಗೆ ಆ ಮಾತು ನಿಜ. ಆದರೆ ಠೇವಣಿಯ ಬಡ್ಡಿ ತೆಗೆದುಕೊಂಡು ತಿಂದರೆ ಅಸಲು ಇದ್ದಷ್ಟೇ ಇರುತ್ತದೆ, ಹತ್ತು ವರ್ಷಕ್ಕೆ ಜೋಳದ ಚೀಲದ ಬೆಲೆ ಏರಿದರೂ ಬಡ್ಡಿ ಏರುವುದಿಲ್ಲ. ಕಂಪನಿಗಳು ಹಂಚದೆ ಉಳಿಸಿಕೊಂಡ ಲಾಭ ಮತ್ತೆ ವ್ಯವಹಾರಕ್ಕೆ ಹೋಗುತ್ತದೆ, ಲಾಭ ಬೆಳೆದರೆ ಮುಂದಿನ ಡಿವಿಡೆಂಡೂ ಬೆಳೆಯುತ್ತದೆ.

ಈ ಸಣ್ಣ ಶೇಕಡಾ ಒಂದೂಕಾಲನ್ನು ತೆಗೆಯದೆ ಅಲ್ಲೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ನಿಫ್ಟಿಗೆ ಎರಡು ಸೂಚ್ಯಂಕಗಳಿವೆ. ಟಿವಿಯಲ್ಲಿ ತೋರಿಸುವುದು ಬರೀ ಬೆಲೆಯದು. ಇನ್ನೊಂದು, ಬಂದ ಡಿವಿಡೆಂಡನ್ನೆಲ್ಲ ಮತ್ತೆ ಅದರಲ್ಲೇ ಹೂಡಿದರೆ ಎಷ್ಟಾಗುತ್ತಿತ್ತು ಎಂದು ಹೇಳುವಂಥದ್ದು. 1999ರ ಜೂನ್ ಕೊನೆಯಿಂದ ಈ ಎರಡನೆಯದರ ಲೆಕ್ಕ ಶುರುವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬೆಲೆಯ ಸೂಚ್ಯಂಕ 26,000 ದಾಟಿದಾಗ ಎರಡನೆಯದು ಅದರ ಒಂದೂವರೆ ಪಟ್ಟಿನ ಹತ್ತಿರ ಇತ್ತು. 2018ರ ಫೆಬ್ರುವರಿಯಿಂದ ಫಂಡುಗಳು ತಮ್ಮ ಸಾಧನೆಯನ್ನು ಈ ಎರಡನೆಯದಕ್ಕೇ ಹೋಲಿಸಿ ತೋರಿಸಬೇಕೆಂದು ಸೆಬಿ ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಂಪನಿಗಳ ಡಿವಿಡೆಂಡ್ ಶೇಕಡಾ ಒಂದೂಕಾಲು ಎಂದೆ. ಏಜೆಂಟರ ಮೂಲಕ ಕೊಳ್ಳುವ ಎಷ್ಟೋ ಶೇರು ಫಂಡುಗಳ ವಾರ್ಷಿಕ ಖರ್ಚು ಶೇಕಡಾ ಒಂದೂವರೆಯಿಂದ ಎರಡರವರೆಗೆ ಇರುತ್ತದೆ. ಅಂದರೆ ದೇಶದ ದೊಡ್ಡ ದೊಡ್ಡ ಕಂಪನಿಗಳು ನಿಮ್ಮ ಹೆಸರಿಗೆ ಹಂಚಿದ ಡಿವಿಡೆಂಡ್ ಪೂರ್ತಿಯಾಗಿ ಆ ಖರ್ಚಿಗೇ ಹೋಯಿತು, ಮೇಲೆ ಅಸಲಿನಿಂದಲೂ ಒಂದಿಷ್ಟು ಹೋಯಿತು. 2013ರ ಜನವರಿಯಿಂದ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್‌ಗಳು ಇವೆ. ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡುಗಳ ಡೈರೆಕ್ಟ್ ಪ್ಲಾನಿನಲ್ಲಿ ಖರ್ಚು ಶೇಕಡಾ ಕಾಲು ಭಾಗದ ಹತ್ತಿರ ಇರುತ್ತದೆ, ಕೆಲವುದರಲ್ಲಿ ಅದಕ್ಕೂ ಕಡಿಮೆ. ಏಜೆಂಟರಲ್ಲಿ ಒಳ್ಳೆಯವರಿಲ್ಲ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಕಾಗದಪತ್ರ ನೋಡಿಕೊಂಡು, ಮಾರುಕಟ್ಟೆ ಬಿದ್ದಾಗ ಧೈರ್ಯ ಹೇಳಿ, ಗಾಬರಿಯಲ್ಲಿ ಮಾರದಂತೆ ತಡೆಯುವವರಿದ್ದರೆ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಎಷ್ಟು ಸಲ್ಲುತ್ತಿದೆ ಎಂಬುದು ನಿಮಗೆ ಗೊತ್ತಿರಲಿ. ಸೊಸೈಟಿಯ ಸಭೆಯಲ್ಲಿ ಸಿಬ್ಬಂದಿ ಖರ್ಚಿನ ಬಗ್ಗೆ ಅಷ್ಟು ಗಟ್ಟಿಯಾಗಿ ಕೇಳುವವರು ನಾವು.

ಈಗ ಒಂದೇ ಕಂಪನಿ, ಹಲವು ಕಂಪನಿ ಎಂಬ ವಿಷಯ. ಇದಕ್ಕೆ ಸವದತ್ತಿ ತಾಲೂಕಿನಲ್ಲಿಯೇ ಕಣ್ಣಮುಂದಿನ ಕಥೆಯಿದೆ. 1998ರಲ್ಲಿ ವಿದ್ಯಾ ಮುರಕುಂಬಿ, ನರೇಂದ್ರ ಮುರಕುಂಬಿ ತಾಯಿ ಮಗ ಸೇರಿ ಶ್ರೀ ರೇಣುಕಾ ಶುಗರ್ಸ್ ಕಟ್ಟಿದರು. ಹೆಸರು ಸವದತ್ತಿ ಗುಡ್ಡದ ರೇಣುಕಾ ದೇವಿಯದು. ಆಂಧ್ರದ ಹಿಂದೂಪುರದಲ್ಲಿ ನಿಂತುಹೋಗಿದ್ದ ಸರಕಾರಿ ಸಕ್ಕರೆ ಕಾರ್ಖಾನೆಯನ್ನು ಕೊಂಡು, ಬಿಚ್ಚಿ ತಂದು ಮುನವಳ್ಳಿಯಲ್ಲಿ ಜೋಡಿಸಿದರು. ಸುತ್ತಲಿನ ಸಾವಿರಾರು ಕಬ್ಬು ಬೆಳೆಗಾರರನ್ನು ಶೇರುದಾರರನ್ನಾಗಿ ಮಾಡಿಕೊಂಡರು. 2005ರಲ್ಲಿ ಕಂಪನಿ ಶೇರುಪೇಟೆಗೆ ಹೋಯಿತು. ಕಬ್ಬು ಕಳಿಸುವ ರೈತ ಅದೇ ಕಾರ್ಖಾನೆಯ ಪಾಲುದಾರ, ಅವನ ಶೇರಿಗೆ ಮುಂಬಯಿ ಪೇಟೆಯಲ್ಲಿ ಬೆಲೆ! ನಮ್ಮ ಭಾಗಕ್ಕೆ ಅದು ದೊಡ್ಡ ಸಂಗತಿಯೇ ಆಗಿತ್ತು, ಇಂದಿಗೂ ನಾನು ಅದನ್ನು ಗೌರವದಿಂದಲೇ ನೆನೆಯುತ್ತೇನೆ. 2010ರ ಆರಂಭದಲ್ಲಿ ಶೇರು ನೂರು ರೂಪಾಯಿ ದಾಟಿತ್ತು. ಅದೇ ವರ್ಷ ಕಂಪನಿ ಬ್ರೆಜಿಲ್ ದೇಶದ ಸಕ್ಕರೆ ಕಾರ್ಖಾನೆಗಳನ್ನು ಕೊಂಡಿತು. ಆಮೇಲೆ ಜಗತ್ತಿನ ಸಕ್ಕರೆ ಬೆಲೆ ಕುಸಿಯಿತು, ಬ್ರೆಜಿಲ್ಲಿನ ನಾಣ್ಯ ಕುಸಿಯಿತು, ಸಾಲ ಮೈಮೇಲೆ ಬಂತು. ಡಿವಿಡೆಂಡ್ ವರ್ಷಗಟ್ಟಲೆ ನಿಂತಿತು, ಶೇರು ಹತ್ತು ರೂಪಾಯಿಗಿಂತ ಕೆಳಗೆ ಹೋಯಿತು, 2018ರಲ್ಲಿ ಕಂಪನಿಯ ಹಿಡಿತ ಸಿಂಗಪುರದ ವಿಲ್ಮಾರ್ ಸಂಸ್ಥೆಯ ಕೈಗೆ ಹೋಯಿತು. ಎಥನಾಲಿನ ಕಾಲ ಬಂದ ಮೇಲೆ ಶೇರು ಸ್ವಲ್ಪ ಚೇತರಿಸಿಕೊಂಡಿತು, ಹಳೆಯ ಎತ್ತರ ಮಾತ್ರ ಸಿಗಲಿಲ್ಲ.

ಇದರ ಎದುರಿಗೆ ಮಹಾರಾಷ್ಟ್ರದ ಜಳಗಾವ ಜಿಲ್ಲೆಯ ಅಮಳನೇರ ಎಂಬ ಊರನ್ನು ಇಡೋಣ. 1945ರಲ್ಲಿ ಅಲ್ಲಿ ಎಣ್ಣೆ, ವನಸ್ಪತಿ ಮಾಡುವ ಕಾರ್ಖಾನೆ ಹುಟ್ಟಿತು. ಊರಿನವರು ಅದರ ಶೇರು ಕೊಂಡು ಪೆಟ್ಟಿಗೆಯಲ್ಲಿ ಇಟ್ಟು ಕೂತರು. ಆ ಕಂಪನಿಯೇ ಮುಂದೆ ಬೆಂಗಳೂರಿನ ವಿಪ್ರೋ ಆಯಿತು. ಮಾರದೆ ಇಟ್ಟುಕೊಂಡ ಮನೆತನಗಳು ಬೋನಸ್ ಶೇರು, ಡಿವಿಡೆಂಡಿನಿಂದಲೇ ಕೋಟ್ಯಧೀಶರಾದವು.

ಅಮಳನೇರದವರು ಹೆಚ್ಚು ಜಾಣರು, ಮುನವಳ್ಳಿಯ ಸುತ್ತಿನವರು ದಡ್ಡರು ಎಂದು ಹೇಳಲಾದೀತೆ? ಇಬ್ಬರೂ ಮಾಡಿದ್ದು ಒಂದೇ ಕೆಲಸ: ಕಣ್ಣಿಗೆ ಕಾಣುವ ಊರ ಕಾರ್ಖಾನೆಯನ್ನು ನಂಬಿ ಶೇರು ಹಿಡಿದು ಕೂತರು. ಎಣ್ಣೆ ಗಿರಣಿ ಕಂಪ್ಯೂಟರಿನ ಕಡೆ ಹೊರಳುತ್ತದೆ ಎಂದಾಗಲಿ, ಸಕ್ಕರೆ ಕಾರ್ಖಾನೆ ಬ್ರೆಜಿಲ್ಲಿಗೆ ಹೋಗಿ ಕೈ ಸುಟ್ಟುಕೊಳ್ಳುತ್ತದೆ ಎಂದಾಗಲಿ ಮೊದಲೇ ಹೇಳಬಲ್ಲವರು ಯಾರು? ಹೇಳಲಾಗದು ಎಂಬುದನ್ನು ಒಪ್ಪಿಕೊಂಡವರು ಹಲವು ಕಂಪನಿಗಳಲ್ಲಿ ಹರಡುತ್ತಾರೆ. ಹಿಡಿದು ಕೂಡುವುದು ಒಳ್ಳೆಯ ಗುಣ ಹೌದು, ಏನನ್ನು ಹಿಡಿದಿದ್ದೇವೆ ಎಂಬುದರ ಮೇಲೆ ಅದರ ಫಲ.

ನಮ್ಮ ನಾಲ್ಕು ತಾಲೂಕಿನವರಿಗೆ ಇದು ಇನ್ನೂ ಮುಖ್ಯ. ನಮ್ಮ ಆಸ್ತಿಯನ್ನು ಒಮ್ಮೆ ಎಣಿಸಿ ನೋಡಿ. ಹೊಲ ಇಲ್ಲೇ ಇದೆ. ಮನೆ ಇಲ್ಲೇ. ಸೊಸೈಟಿಯ ಶೇರು ಇಲ್ಲಿನದು, ಅದು ಸಾಲ ಕೊಟ್ಟಿರುವುದೂ ಇಲ್ಲಿನ ರೈತರಿಗೇ. ಕಾರ್ಖಾನೆಯ ಶೇರು, ಅದು ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯದೇ ಇರಲಿ, ಇಲ್ಲಿನ ಕಬ್ಬನ್ನೇ ನಂಬಿದೆ. ಬೈಲಹೊಂಗಲದ ಹತ್ತಿ ಅಡತಿ, ರಾಮದುರ್ಗದ ಬಟ್ಟೆ ಅಂಗಡಿ, ಎಲ್ಲವೂ ರೈತನ ಕೈಯಲ್ಲಿ ರೊಕ್ಕ ಆಡಿದರೆ ನಡೆಯುವಂಥವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಳು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಇಂಥ ವರ್ಷಗಳಲ್ಲಿ ಹೊಲ, ಸೊಸೈಟಿ, ಕಾರ್ಖಾನೆ, ಅಂಗಡಿ ಎಲ್ಲಕ್ಕೂ ಒಟ್ಟಿಗೇ ಪೆಟ್ಟು. ಕಾಗದದ ಮೇಲೆ ನಾಲ್ಕು ಬಗೆಯ ಆಸ್ತಿ, ನಿಜದಲ್ಲಿ ಎಲ್ಲಕ್ಕೂ ಒಂದೇ ನದಿ, ಒಂದೇ ಮಳೆ. ಬ್ಯಾಂಕು, ಔಷಧ, ಮೋಟಾರು, ಸಾಫ್ಟ್‌ವೇರ್, ತೈಲ ಹೀಗೆ ದೇಶದ ತುಂಬ ಹರಡಿದ ಕಂಪನಿಗಳನ್ನು ಹಿಡಿದ ಫಂಡು ನಮ್ಮವರಿಗೆ ಬೇಕಾಗಿರುವುದು ಈ ಕಾರಣಕ್ಕೆ. ಮಲಪ್ರಭೆ ಬತ್ತಿದ ವರ್ಷವೂ ಅವುಗಳ ವ್ಯಾಪಾರ ನಡೆದಿರುತ್ತದೆ.

ಇನ್ನು, ಮನೆಖರ್ಚಿಗೆ ಇದರಿಂದ ಆದಾಯ ತೆಗೆಯುವುದು ಹೇಗೆ? ಮೊದಲು ತಿಂಗಳ ಕಿರಾಣಿ, ಔಷಧಿ, ಲೈಟ್ ಬಿಲ್ಲಿನ ರೊಕ್ಕ ಶೇರಿನ ಫಂಡಿನಿಂದ ಬರಬೇಕಾದ ಸ್ಥಿತಿ ಇಟ್ಟುಕೊಳ್ಳಬೇಡಿ. 60 ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 30 ಲಕ್ಷದವರೆಗೆ ಇಡಬಹುದು, 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇಕಡಾ 8.2ಕ್ಕೆ ಏರಿತು, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಬ್ಯಾಂಕ್ ಠೇವಣಿಗೆ, ಡಿಸಿಸಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು ಸೇರಿದಂತೆ, 5 ಲಕ್ಷದವರೆಗೆ ಠೇವಣಿ ವಿಮೆ ಉಂಟು. ಪತ್ತಿನ ಸಹಕಾರಿ ಸಂಘಗಳಿಗೆ, ಪತ್ತಿನ ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ಜೀವಮಾನದ ಗಂಟು ಅಲ್ಲಿ ಇಡುವ ಮುಂಚೆ ಇದನ್ನು ಮರೆಯಬೇಡಿ.

ಆ ತಳಪಾಯ ಆದ ಮೇಲೆ, ಐದಾರು ವರ್ಷ ಕೈ ಹಾಕಬೇಕಾಗಿಲ್ಲದ ರೊಕ್ಕ ಫಂಡಿಗೆ. ಅಲ್ಲಿ ಗ್ರೋಥ್ ಆಯ್ಕೆಯನ್ನೇ ಹಿಡಿಯಿರಿ ಎನ್ನುತ್ತೇನೆ. ಕಂಪನಿಗಳ ಡಿವಿಡೆಂಡ್ ಒಳಗೇ ಬೆಳೆಯುತ್ತಿರುತ್ತದೆ. ನಿಮಗೆ ಬೇಕಾದಾಗ, ಬೇಕಾದಷ್ಟೇ ಯುನಿಟ್ ಮಾರಿ. ತಿಂಗಳಾ ಇಂತಿಷ್ಟು ಬರಲಿ ಎಂದರೆ ಎಸ್‌ಡಬ್ಲ್ಯುಪಿ ಎಂಬ ವ್ಯವಸ್ಥೆ ಇದೆ, ಒಮ್ಮೆ ಬರೆದುಕೊಟ್ಟರೆ ತಾನಾಗಿ ಖಾತೆಗೆ ಬರುತ್ತದೆ. ಎಷ್ಟು, ಯಾವಾಗ ಎಂಬುದು ನಿಮ್ಮ ಕೈಯಲ್ಲಿ, ಫಂಡಿನವರ ಕೈಯಲ್ಲಲ್ಲ.

ತೆರಿಗೆಯಲ್ಲೂ ಇದೇ ವಾಸಿ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪೂರ್ತಿಯಾಗಿ ನಿಮ್ಮ ಆದಾಯಕ್ಕೆ ಸೇರುತ್ತದೆ. 2025ರ ಏಪ್ರಿಲ್‌ನಿಂದ ಒಂದು ಫಂಡ್ ಸಂಸ್ಥೆಯಿಂದ ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇಕಡಾ 10 ಮೂಲದಲ್ಲೇ ಮುರಿದುಕೊಳ್ಳುತ್ತಾರೆ. ಆದಾಯ ತೆರಿಗೆಯ ಮಿತಿಯೊಳಗಿದ್ದವರು ಸ್ವಯಂ ಘೋಷಣೆಯ ನಮೂನೆ ಕೊಟ್ಟರೆ ಮುರಿಯುವುದಿಲ್ಲ. ಹತ್ತು ಲಕ್ಷದ ಆ ಮೊದಲಿನ ಲೆಕ್ಕಕ್ಕೆ ವಾಪಸು ಬನ್ನಿ. ಡಿವಿಡೆಂಡ್ ಎಂದು ಬಂದರೆ 40,000ವೂ ಆದಾಯ. ಅದರ ಬದಲು 50 ರೂಪಾಯಿಯ 800 ಯುನಿಟ್ ಮಾರಿದರೂ ಬರುವುದು 40,000, ಉಳಿಯುವುದು ಅದೇ 9,60,000. ಆದರೆ ಆ ಯುನಿಟ್ಟುಗಳನ್ನು ನೀವು 40 ರೂಪಾಯಿಗೆ ಕೊಂಡಿದ್ದರೆ ಲಾಭ ಎಂದು ಲೆಕ್ಕಕ್ಕೆ ಬರುವುದು 8,000 ಮಾತ್ರ. ಶೇರು ಫಂಡನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟಿದ್ದರೆ ವರ್ಷಕ್ಕೆ 1.25 ಲಕ್ಷದವರೆಗಿನ ಇಂಥ ಲಾಭಕ್ಕೆ ತೆರಿಗೆಯಿಲ್ಲ, ಮೀರಿದ್ದಕ್ಕೆ ಶೇಕಡಾ 12.5. ಕೈಗೆ ಬರುವ ರೊಕ್ಕ ಒಂದೇ, ತೆರಿಗೆಯ ಲೆಕ್ಕ ಬೇರೆ.

ಎಷ್ಟು ತೆಗೆಯಬಹುದು? ವರ್ಷಕ್ಕೆ ಗಂಟಿನ ಶೇಕಡಾ ಮೂರು ನಾಲ್ಕರಷ್ಟರ ಒಳಗೆ ಇರಲಿ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಬೀಳುವ ವರ್ಷಗಳು ಬಂದೇ ಬರುತ್ತವೆ. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ರಂದು 7,600ರ ಹತ್ತಿರ ಬಿದ್ದಿತ್ತು. ಹಲವು ಕಂಪನಿಗಳು ಆ ವರ್ಷ ಡಿವಿಡೆಂಡ್ ಬಿಗಿಹಿಡಿದವು, ಬ್ಯಾಂಕುಗಳಿಗೆ ಹಂಚಬೇಡಿರೆಂದು ರಿಸರ್ವ್ ಬ್ಯಾಂಕೇ ಹೇಳಿತ್ತು. ಅಂಥ ಹೊತ್ತಿನಲ್ಲಿ ಯುನಿಟ್ ಮಾರುವ ಪ್ರಸಂಗ ಬರಬಾರದು. ಎರಡು ಮೂರು ವರ್ಷದ ಖರ್ಚು ಅಂಚೆಯಲ್ಲೋ ಬ್ಯಾಂಕಿನಲ್ಲೋ ಇದ್ದರೆ ಎಸ್‌ಡಬ್ಲ್ಯುಪಿ ನಿಲ್ಲಿಸಿ ಸುಮ್ಮನೆ ಕೂಡಬಹುದು. ಹಾಗೆ ಕೂತವರ ಗಂಟು ಆ ವರ್ಷ ಮುಗಿಯುವ ಮೊದಲೇ ಹಳೆಯ ಮಟ್ಟ ಮುಟ್ಟಿತು. ಪ್ರತಿ ಸಲ ಅಷ್ಟು ಬೇಗ ಮುಟ್ಟುತ್ತದೆ ಎಂದಲ್ಲ. 2008ರ ಕುಸಿತ ತುಂಬಿಕೊಳ್ಳಲು ಎರಡು ವರ್ಷಕ್ಕೂ ಮಿಕ್ಕಿ ಬೇಕಾಯಿತು.

ಕೊನೆಗೆ ಒಂದು ಕೆಲಸದ ಮಾತು. ನಮ್ಮ ಮನೆಗಳ ಟ್ರಂಕುಗಳಲ್ಲಿ ಅಪ್ಪನೋ ಅಜ್ಜನೋ ಕೊಂಡ ಶೇರಿನ ಕಾಗದ, ಫಂಡಿನ ಪಾವತಿ ಇನ್ನೂ ಇರಬಹುದು. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್, ಅದರ ಹಿಂದಿನ ಶೇರು ಸಹಿತ, ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಹೋದದ್ದು ಮುಳುಗಿದ್ದಲ್ಲ, ವಾರಸುದಾರರು ಅರ್ಜಿ ಹಾಕಿ ವಾಪಸು ಪಡೆಯಬಹುದು. ಮರೆತ ಫಂಡುಗಳನ್ನು ಹುಡುಕಲು ಸೆಬಿ 2025ರ ಫೆಬ್ರುವರಿಯಲ್ಲಿ 'ಮಿತ್ರ' ಎಂಬ ವೇದಿಕೆಗೆ ಆದೇಶ ಕೊಟ್ಟಿದೆ. ಅಲ್ಲಿ ಹೆಸರು, ಪ್ಯಾನ್ ಕೊಟ್ಟು ಹುಡುಕಬಹುದು. ಇದಕ್ಕೆಲ್ಲ ಶುಲ್ಕ ಕೇಳುವ ಮಧ್ಯವರ್ತಿಗಳು ಬೇಕಿಲ್ಲ. ಮನೆಯಲ್ಲಿ ಮೊಬೈಲ್ ಬಲ್ಲ ಮಗಳೋ ಮೊಮ್ಮಗನೋ ಪಕ್ಕದಲ್ಲಿ ಕೂತರೆ ಸಾಕು. ಹಾಗೆ ಕೂತಾಗಲೇ ಈಗಿರುವ ಪ್ರತಿ ಫಂಡಿಗೂ, ಪ್ರತಿ ಠೇವಣಿಗೂ ನಾಮಿನಿಯ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಅಂದೇ ಬರೆಸಿ.